ಕುದ್ರುಗಳ ನಾಡಿನಲ್ಲಿ ಮೂರು ದಿನ

ನಮ್ಮ ಪಡುವಣ ಕರಾವಳಿಯಲ್ಲಿ ‘ಕುದ್ರು’ ಎಂಬುದೊಂದು ಮಾತುಂಟು. ಘಟ್ಟದ ಮೇಲಿನ ವಾಚಕರಿಗೆ ಅದರ ಪರಿಚಯ ಕಡಿಮೆಯಾಗಿರಬಹುದು. ಬೆಟ್ಟದಿಂದ ಇಳಿದು ಬಂದ ಹೊಳೆಯು ಸಮುದ್ರವನ್ನು ಕೂಡುವುದಕ್ಕೆ ಮುಂಚೆ ತನ್ನ ವೇಗವನ್ನು ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ನಡುನೀರಿನಲ್ಲಿಯೇ ಇಳಿಸುವುದು. ವರ್ಷ ವರ್ಷವೂ ಹೀಗೆ ಇಳಿಸಿದ ಮಣ್ಣು ಬೆಳೆದು, ಅದರ ಮೇಲೆ ಕಾಂಡ್ಲಾ ಗಿಡಗಳು ಬೇರು ಬಿಟ್ಟು, ಬಳಿಕ ಮನುಷ್ಯನು ಸುತ್ತಲೂ ದಂಡೆ ಕಟ್ಟಿ ಉಪ್ಪುನೀರನ್ನು ತಡೆದು, ತೆಂಗು ನೆಟ್ಟು ಭತ್ತ ಬೆಳೆದಾಗ ಅದು ಕುದ್ರು ಎನಿಸುವುದು. ಬ್ರಹ್ಮಾವರದ ಸೀತಾನದಿಯಲ್ಲಿಯೂ ಕುಂದಾಪುರದ ಪಂಚಗಂಗಾವಳಿಯಲ್ಲಿಯೂ ಇಂತಹ ಕುದ್ರುಗಳು ಅನೇಕವಾಗಿವೆ. ಅಲ್ಲಿ ಮನುಷ್ಯರಿರುವರು, ದನಕರುಗಳಿರುವುವು; ಇವಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಪ್ರಜಾವರ್ಗವೂ ಉಂಟೆಂದು ಅಲ್ಲಿಯವರು ನಂಬುವರು. ಹಾಯ್ಗುಳಿ, ಪಂಜುರ್ಲಿ, ಬೊಬ್ಬರ್ಯ, ನಾಗ, ಇವರಿಗೆಲ್ಲ ಅಲ್ಲಿ ಮನೆಗಳಿವೆ, ಪಾಲುಗಳಿವೆ, ವರ್ಷಕ್ಕೊಮ್ಮೆ ಸಲ್ಲಬೇಕಾದ ಮರ್ಯಾದೆಗಳಿವೆ.

ಕಳೆದ ವೈಶಾಖದಲ್ಲಿ ಈ ನಾಡನ್ನು ಮೂರು ದಿನ ಸುತ್ತುವ ಸಂದರ್ಭ ನನಗೆ ಒದಗಿತು. ಜೊತೆಯಲ್ಲಿದ್ದವನು ನನ್ನ ತಂಗಿಯ ಮಗ; ವಯಸ್ಸು ಹದಿನೇಳು; ಪಿ.ಯು.ಸಿ. ಪರೀಕ್ಷೆಗೆ ಆಗತಾನೆ ಕುಳಿತು ಬಂದಿದ್ದ. ಹುಟ್ಟಿದ್ದೂ ಬೆಳೆದದ್ದೂ ಬೆಂಗಳೂರಿನಲ್ಲಿ. ಅವನಿಗೆ ವಾಣಿಜ್ಯ ನೌಕೆಯ ಅಧಿಕಾರಿಯಾಗಬೇಕೆಂಬ ಹಂಬಲ. ಅವನ ತಂದೆ ಒಪ್ಪಿದ್ದರು, ತಾಯಿ ಒಪ್ಪಿರಲಿಲ್ಲ. ನನ್ನ ತಂಗಿಯು ಈ ಕರಾವಳಿಯಲ್ಲಿ ಹುಟ್ಟಿದವಳು. ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿಗಳನ್ನು ಬಾಲ್ಯದಿಂದ ಕೇಳುತ್ತ ಬಂದ ಅವಳಿಗೆ, ಸಮುದ್ರವೆಂದರೆ ಚಿತ್ರದಲ್ಲಿನ ನೀಲಿಯ ಬಣ್ಣವಲ್ಲ. “ಅಣ್ಣ, ಅವನನ್ನು ಕರೆದುಕೊಂಡು ಹೋಗಿ ಆ ನೀರನ್ನೊಮ್ಮೆ ತೋರಿಸು. ಆ ಮೇಲೆ ನೀನು ಏನು ಹೇಳುತ್ತೀಯೋ ಹೇಳು” ಎಂದು ಅವಳು ಹುಡುಗನನ್ನು ನನ್ನ ಕೈಗೆ ಒಪ್ಪಿಸಿದಳು. ಮೂವತ್ತು ವರ್ಷ ಪರರ ಮಕ್ಕಳಿಗೆ ಶಬ್ದಮಂಜರಿಯನ್ನು ಕಲಿಸಿದವನಿಗೆ ಸ್ವಂತ ಸೋದರಳಿಯನ ವಿಷಯದಲ್ಲಿ ಮಾತು ಕೊಡುವುದು ಸುಲಭವಲ್ಲ. ಆದುದರಿಂದ ನಾನು ಬ್ರಹ್ಮಾವರದಿಂದ ಪ್ರಯಾಣವನ್ನು ಆರಂಭಿಸಿ, ಮೊದಲು ಅವನನ್ನು ಬಾರಕೂರಿಗೆ ಕರೆದೊಯ್ದೆನು. ಕಾರಣವನ್ನು ಮುಂದೆ ಅರಿಕೆ ಮಾಡುವೆನು.

ಬಾರಕೂರು ಈಗ ಬ್ರಹ್ಮಾವರ ತಾಲೂಕಿನ ಒಂದು ಶಾಂತವಾದ ಊರು. ಒಂದು ಕಾಲಕ್ಕೆ ಅದು ಆಳುಪ ಅರಸರ ರಾಜಧಾನಿ. ವಿಜಯನಗರದ ಕಾಲದಲ್ಲಿ ‘ಬಾರಕೂರು ರಾಜ್ಯ’ವೆಂಬ ಪ್ರಾಂತದ ಆಡಳಿತ ಅಲ್ಲಿಂದ ನಡೆಯಿತು. ಸೀತಾನದಿಯ ದಡದಲ್ಲಿದ್ದುದರಿಂದ ಹಡಗಿನ ವ್ಯಾಪಾರವೂ ಅಲ್ಲಿ ನೆಲೆಸಿತ್ತು. ದಿನಕ್ಕೊಂದರಂತೆ 365 ದೇವಾಲಯಗಳಿದ್ದುವೆಂದು ಜನರು ಹೇಳುವರು. ಕತ್ತಲೆ ಬಸದಿಯ ತಗ್ಗಿದ ಮಾಡುಗಳನ್ನೂ, ಗದ್ದೆಗಳ ನಡುವೆ ಅಲ್ಲಲ್ಲಿ ಉಳಿದ ಕಲ್ಲುಗಳನ್ನೂ ನೋಡುವಾಗ ಆ ಲೆಕ್ಕ ಎಷ್ಟಾದರೂ ಇರಲಿ, ಊರು ದೊಡ್ಡದಾಗಿತ್ತೆಂಬುದರಲ್ಲಿ ಸಂದೇಹ ಉಳಿಯದು.

ಈ ಊರಿಗೆ ಸೇರಿದ ಭೂತಾಳ ಪಾಂಡ್ಯನ ಕಥೆಯನ್ನು ಬಸದಿಯ ನೆರಳಿನಲ್ಲಿ ಕುಳಿತು ಹುಡುಗನಿಗೆ ಹೇಳಿದೆನು. ಹಿಂದೆ ದೇವ ಪಾಂಡ್ಯನೆಂಬವನು ಬೆಲೆಬಾಳುವ ಸರಕಿಗಾಗಿ ಹೊಸ ಹಡಗುಗಳನ್ನು ಕಟ್ಟಿಸಿದನು. ಅವು ನೀರಿಗಿಳಿಯುವ ಹೊತ್ತಿಗೆ ಭೂತಗಳ ಒಡೆಯನಾದ ಕುಂಡೋದರನು ಅಡ್ಡ ನಿಂತು, ನರಬಲಿ ಕೊಟ್ಟಲ್ಲದೆ ಹಡಗು ಕದಲದೆಂದನು. ದೇವ ಪಾಂಡ್ಯನು ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡುವಂತೆ ಹೆಂಡತಿಯನ್ನು ಕೇಳಿದನು. ಆಕೆ ಒಪ್ಪದೆ ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು. ಆಗ ಅವನ ತಂಗಿ ಸತ್ಯವತಿಯು ತನ್ನ ಮಗ ಜಯ ಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಹುಡುಗನ ಧೈರ್ಯಕ್ಕೂ ತಾಯಿಯ ಮನಸ್ಸಿಗೂ ಮೆಚ್ಚಿದ ಕುಂಡೋದರನು ಅವನ ಪ್ರಾಣವನ್ನು ತೆಗೆಯಲಿಲ್ಲ. ಅವನಿಗೆ ಭೂತಾಳ ಪಾಂಡ್ಯನೆಂದು ಹೆಸರಿಟ್ಟು, ಬಾರಕೂರಿನ ಸಿಂಹಾಸನವನ್ನು ಕೊಟ್ಟನು. ಅಂದಿನಿಂದ ಸೊತ್ತು ಮಗನಿಗಲ್ಲ, ತಂಗಿಯ ಮಗನಿಗೆ ಸೇರತಕ್ಕುದೆಂಬ ಅಳಿಯಸಂತಾನದ ಕಟ್ಟು ಹುಟ್ಟಿತೆಂದು ಐತಿಹ್ಯ.

ಚರಿತ್ರಕಾರರು ಇದನ್ನು ಐತಿಹ್ಯವೆಂದೇ ಎಣಿಸುವರು. ಆದರೆ ಆ ಕಟ್ಟಳೆ ಮಾತ್ರ ಐತಿಹ್ಯವಲ್ಲ. ಬಂಟರು, ಮೊಗವೀರರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಅದು ತಲೆತಲಾಂತರದಿಂದ ನಡೆದು ಬಂದಿತು. ಮದ್ರಾಸು ಸರಕಾರವು 1949ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಪದ್ಧತಿ ಹಿಂದೆ ಸರಿಯಿತು. ಒಂದು ಭೂತ, ಒಂದು ಹಡಗು, ಒಬ್ಬ ಹುಡುಗ, ಇಷ್ಟರಿಂದ ಒಂದು ನಾಡಿನ ಆಸ್ತಿಯ ನ್ಯಾಯಕ್ಕೆ ಕಥೆ ಹೆಣೆದ ಬೇರೆ ಸೀಮೆಯನ್ನು ನಾನು ಕಾಣೆನು.

ಹುಡುಗನು ಸುಮ್ಮನೆ ಕೇಳಿ, “ಮಾವ, ಮಕ್ಕಳನ್ನು ಕೊಡದೆ ಹೊರಟುಹೋದ ಆ ತಾಯಿಯದು ತಪ್ಪೇ?” ಎಂದನು. ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಕಥೆ ಹೇಳುವವರೆಲ್ಲ ಸತ್ಯವತಿಯನ್ನು ಹೊಗಳಿ ಮುಗಿಸುವರು. ಆ ಇನ್ನೊಬ್ಬಳ ಹೆಸರನ್ನು ಸಹ ಹೇಳುವವರು ಕಡಿಮೆ. “ತಪ್ಪಲ್ಲ. ಅವಳು ತಾಯಿ, ಇವಳೂ ತಾಯಿ. ಒಬ್ಬಳು ಮಗನನ್ನು ಕಾಯ್ದಳು, ಒಬ್ಬಳು ಮಗನನ್ನು ನಂಬಿದಳು” ಎಂದೆನು. ಸಂಸ್ಕೃತದಲ್ಲಿ ‘ಬಲಿ’ ಎಂಬ ಶಬ್ದಕ್ಕೆ ಕೊಲೆ ಎಂಬುದು ಮೂಲದ ಅರ್ಥವಲ್ಲ. ಕೊಡುಗೆ, ಕಾಣಿಕೆ, ಅರಸನಿಗೆ ಸಲ್ಲುವ ಕಂದಾಯ ಎಂಬ ಅರ್ಥಗಳುಂಟು ಎಂದೂ ತಿಳಿಸಿದೆನು. ಕುಂಡೋದರನು ಬೇಡಿದ್ದು ಕೊಡುವ ಮನಸ್ಸನ್ನು. ಅದು ಸಿಕ್ಕಿದೊಡನೆ ಕತ್ತಿಯ ಕೆಲಸ ಉಳಿಯಲಿಲ್ಲ.

ಬಾರಕೂರಿನಿಂದ ಉತ್ತರಕ್ಕೆ ಹೊರಟು ಸಾಲಿಗ್ರಾಮ, ಕೋಟಗಳನ್ನು ದಾಟಿದೆವು. ಕೋಟವು 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಅವರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಬರುವ ಕಡಲು ಹೊಳೆಗಳ ನಡುವಣ ಕೋಡಿಯ ಬದುಕು ಇಲ್ಲಿಯದೇ. ಈ ಸೀಮೆಯಲ್ಲಿ ಹುಡುಗರು ಮನೆ ಬಿಟ್ಟು ಹೊರಡುವುದು ಹೊಸದೇನೂ ಅಲ್ಲ. ಹನ್ನೆರಡು ಹದಿನಾಲ್ಕರ ವಯಸ್ಸಿಗೆ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರ ಕಥೆ ಹೆಚ್ಚುಕಡಮೆ ಪ್ರತಿಯೊಂದು ಮನೆತನದಲ್ಲಿಯೂ ಉಂಟು. ಹಾಗೆ ಹೋದವರಲ್ಲಿ ಎಲ್ಲರೂ ಮುಂದೆ ಬಂದರೆಂದಲ್ಲ, ಹಿಂದಿರುಗದವರೂ ಉಂಟು. ಹೊಸ್ತಿಲಲ್ಲಿ ನಿಂತ ತಾಯಂದಿರು ಎರಡನ್ನೂ ಬಲ್ಲರು.

ಅಲ್ಲಿಂದ ಮುಂದೆ ಕುಂಭಾಸಿ. ಆನೆಗುಡ್ಡೆಯ ವಿನಾಯಕನ ಕ್ಷೇತ್ರ. ಮಳೆ ಬಾರದೆ ನಾಡು ಬೆಂದಾಗ ಅಗಸ್ತ್ಯರು ಯಜ್ಞ ಮಾಡಿದರೆಂದೂ, ಕುಂಭಾಸುರನೆಂಬವನು ಅದಕ್ಕೆ ಅಡ್ಡಿಯಾದನೆಂದೂ, ವನವಾಸದಲ್ಲಿದ್ದ ಭೀಮಸೇನನು ಗಣಪತಿ ಅನುಗ್ರಹಿಸಿದ ಖಡ್ಗದಿಂದ ಅವನನ್ನು ಕೊಂದನೆಂದೂ ಸ್ಥಳಪುರಾಣ. ‘ಅಸಿ’ ಎಂದರೆ ಖಡ್ಗ. ಕುಂಭನನ್ನು ಕೊಂದ ಅಸಿಯಿಂದ ಕುಂಭಾಸಿ. ನಾನು ಶಬ್ದವನ್ನು ಬಿಡಿಸಿ ಹೇಳಿದಾಗ ಹುಡುಗನು, “ಕೊಂದ ಮೇಲೂ ಅವನ ಹೆಸರೇ ಊರಿಗೆ ಉಳಿಯಿತಲ್ಲ, ಮಾವ!” ಎಂದು ನಕ್ಕನು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಅದಕ್ಕೆ ಸಾಕ್ಷಿಗಳು ದೊರೆಯುತ್ತಲೇ ಬಂದುವು.

ರಾತ್ರಿ ಕುಂದಾಪುರದಲ್ಲಿ ತಂಗಿದೆವು. ಮೂರು ಕಡೆ ನೀರಿರುವ ಊರು ಅದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಾ ಎಂಬ ಐದು ನದಿಗಳು ಇಲ್ಲಿ ಒಂದಾಗಿ ಪಂಚಗಂಗಾವಳಿ ಎನಿಸಿ, ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುವುವು. ಮಾರನೆಯ ಬೆಳಿಗ್ಗೆ ನಾವು ಹೋದದ್ದು ಆ ನೀರಿನ ನಡುವೆ ಇರುವ ಉಪ್ಪಿನಕುದ್ರುವಿಗೆ.

ಉಪ್ಪಿನಕುದ್ರು ಯಕ್ಷಗಾನದ ಸೂತ್ರದ ಗೊಂಬೆಯಾಟಕ್ಕೆ ಹೆಸರಾದ ಸ್ಥಳ. ಇಲ್ಲಿಯ ಕಾಮತ್ ಮನೆತನದವರು ಮೂರು ಶತಮಾನಗಳಿಗೂ ಮಿಕ್ಕಿದ ಪರಂಪರೆ ತಮ್ಮದೆಂದು ಹೇಳುವರು. ದೇವಣ್ಣ ಪದ್ಮನಾಭ ಕಾಮತರು ಅದನ್ನು ಬೆಳೆಸಿದರು. ಅವರ ಮಗ ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಈಗ ಅವರ ಮಗ ಭಾಸ್ಕರ ಕೊಗ್ಗ ಕಾಮತರು ಸೂತ್ರವನ್ನು ಹಿಡಿದಿರುವರು. ಆಟಕ್ಕೂ ಕಲಿಕೆಗೂ ‘ಗೊಂಬೆಮನೆ’ ಎಂಬ ಸ್ವಂತ ಮನೆಯೂ ಆಗಿದೆ. ಮರದಲ್ಲಿ ಕೆತ್ತಿದ ಗೊಂಬೆಗಳು ಬಡಗುತಿಟ್ಟಿನ ವೇಷಧಾರಿಗಳಂತೆಯೇ ಮುಂಡಾಸು, ಕಿರೀಟ, ಭುಜಕೀರ್ತಿಗಳನ್ನು ತೊಟ್ಟಿರುವುವು. ಭಾಗವತರು ಪದ ಹೇಳಿದಂತೆ, ಮದ್ದಳೆಯ ಪೆಟ್ಟಿಗೆ ಸರಿಯಾಗಿ ಅವು ಹೆಜ್ಜೆ ಹಾಕುವುದನ್ನು ನೋಡಿದರೆ, ದಾರವಿರುವುದನ್ನು ಕಣ್ಣು ಕಾಣುತ್ತಿದ್ದರೂ ಮನಸ್ಸು ಒಪ್ಪದು.

ಈ ಮೇಳದ ಹೆಸರಾಂತ ಪ್ರಸಂಗಗಳಲ್ಲಿ ಲಂಕಾದಹನವೂ ಒಂದು. ಕುದ್ರುವಿನವರು ಲಂಕೆಯ ಕಥೆಯನ್ನು ಆಡುವುದು ಎಷ್ಟು ಉಚಿತ! ಅದೂ ಒಂದು ದ್ವೀಪ. ನೀರನ್ನು ದಾಟಿ ರಾಕ್ಷಸರ ನಡುವೆ ಒಬ್ಬನೇ ಹೋಗಿ, ಕೆಲಸ ಮುಗಿಸಿ ಮರಳಿ ಬಂದವನ ಕಥೆ. ಗೊಂಬೆಗಳನ್ನು ನೋಡಿ ಹೊರಗೆ ಬಂದು ತೆಂಗಿನ ನೆರಳಿನಲ್ಲಿ ಕುಳಿತಾಗ, ವಾಲ್ಮೀಕಿಗಳು ಹೇಳಿದ ದಾರಿಯ ವಿವರವನ್ನು ನಾನು ಹುಡುಗನಿಗೆ ತಿಳಿಸಿದೆನು.

ಹನುಮಂತನು ಹಾರುವುದಕ್ಕೆ ಮುಂಚೆ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದನು. ಅವನಿಗೆ ತನ್ನ ಬಲ ನೆನಪಿರಲಿಲ್ಲ. ವೃದ್ಧನಾದ ಜಾಂಬವಂತನು ನೆನಪು ಮಾಡಿಕೊಡಬೇಕಾಯಿತು. ಹಾರಿದ ಮೇಲೆ ಸಮುದ್ರದ ನಡುವೆ ಅವನಿಗೆ ಮೂವರು ಎದುರಾದರು. ಮೊದಲನೆಯದು ಮೈನಾಕ ಪರ್ವತ. ಅದು ಶತ್ರುವಲ್ಲ, ‘ಇಲ್ಲಿ ತುಸು ವಿಶ್ರಮಿಸು’ ಎಂದು ಪ್ರೀತಿಯಿಂದ ಕರೆಯಿತು. ಹನುಮಂತನು ಅದನ್ನು ಕೈಯಿಂದ ಮುಟ್ಟಿ, ಆದರಿಸಿ, ನಿಲ್ಲದೆ ನಡೆದನು. ಎರಡನೆಯವಳು ನಾಗಮಾತೆ ಸುರಸೆ. ದೇವತೆಗಳು ಪರೀಕ್ಷೆಗಾಗಿ ಕಳುಹಿಸಿದ ಅವಳು, ತನ್ನ ಬಾಯನ್ನು ಹೊಗದೆ ಮುಂದೆ ಹೋಗಬಾರದೆಂದಳು. ಇವನು ದೊಡ್ಡವನಾದಷ್ಟೂ ಅವಳ ಬಾಯಿ ದೊಡ್ಡದಾಯಿತು. ಕಡೆಗೆ ಇವನು ಹೆಬ್ಬೆರಳಿನಷ್ಟಾಗಿ ಒಳಹೊಕ್ಕು ಹೊರಬಂದನು. ಮೂರನೆಯವಳು ಸಿಂಹಿಕೆ, ನೀರಿನ ಮೇಲೆ ಬಿದ್ದ ನೆರಳನ್ನು ಹಿಡಿದು ಎಳೆಯುವವಳು. ಅವಳನ್ನು ಮಾತ್ರ ಅವನು ಕೊಂದನು.

“ಮೂವರಿಗೂ ಒಂದೇ ಉಪಾಯವಲ್ಲ, ನೋಡು ಮಾಣಿ. ಪ್ರೀತಿಯಿಂದ ತಡೆಯುವವರನ್ನು ಮುಟ್ಟಿ ನಮಸ್ಕರಿಸಿ ಹೋಗಬೇಕು, ಪರೀಕ್ಷಿಸುವವರ ಮುಂದೆ ಸಣ್ಣವನಾಗಬೇಕು, ನೆರಳನ್ನು ಹಿಡಿದು ಎಳೆಯುವ ಕೇಡಿಗೆ ದಯೆ ತೋರಬಾರದು” ಎಂದೆನು. ಹುಡುಗನು ಬಹಳ ಹೊತ್ತು ಯೋಚಿಸಿ, “ಅಮ್ಮ ಮೈನಾಕ” ಎಂದನು. ನಾನು ಉತ್ತರ ಕೊಡಲಿಲ್ಲ.

ಅಂದಿನ ಸಂಜೆ ಕುದ್ರುಗಳ ನಡುವೆ ದೋಣಿಯಲ್ಲಿ ಸುತ್ತಬೇಕೆಂದು ಹುಡುಗನ ಇಚ್ಛೆ. ಎಪ್ಪತ್ತು ಮೀರಿದ ಮೊಗವೀರರೊಬ್ಬರು ತಮ್ಮ ಸಣ್ಣ ದೋಣಿಯಲ್ಲಿ ನಮ್ಮನ್ನು ಕೂರಿಸಿಕೊಂಡರು. ಕಾಂಡ್ಲಾದ ಬೇರುಗಳ ಮೇಲೆ ಕೊಕ್ಕರೆಗಳು ಸಾಲಾಗಿ ನಿಂತಿದ್ದುವು. ಪಡುವಣದಲ್ಲಿ ಅಳಿವೆಯ ಮೊರೆತ ಕೇಳುತ್ತಿತ್ತು. ಒಂದು ಕವಲಿನ ಒಳಹೊಕ್ಕು ನೋಡುತ್ತಿರುವಷ್ಟರಲ್ಲಿ ಇಳಿತ ಜೋರಾಗಿ, ದೋಣಿಯ ಅಡಿ ಕೆಸರಿಗೆ ತಾಗಿತು. ಹುಟ್ಟು ಹಾಕಿದರೂ ಕದಲದು. ಹುಡುಗನು ತಾನಾಗಿಯೇ ಇಳಿದು ತೊಡೆಯುದ್ದ ಕೆಸರಿನಲ್ಲಿ ನಿಂತು ಹೆಗಲು ಕೊಟ್ಟನು. ದೋಣಿ ಒಂದು ಮಾರು ಸರಿದು ಮತ್ತೆ ಕುಳಿತಿತು. ಭರತ ಏರುವ ತನಕ ಕಾಯುವುದಲ್ಲದೆ ಗತಿಯಿಲ್ಲವೆಂದು ಮುದುಕರು ನಿಶ್ಚಿಂತರಾಗಿ ಎಲೆ ಅಡಿಕೆ ಬಿಚ್ಚಿದರು.

ಕತ್ತಲಾಯಿತು. ದೂರದ ಮನೆಗಳ ದೀಪಗಳು ನೀರಿನಲ್ಲಿ ಉದ್ದುದ್ದವಾಗಿ ಅಲುಗುತ್ತಿದ್ದುವು. ಸ್ವಲ್ಪ ಹೊತ್ತಿಗೆ ಕಾಂಡ್ಲಾದ ಒಳಗಿನಿಂದ ಯಾರೋ ಮೂಗಿನಿಂದ ಉಸಿರು ಬಿಟ್ಟಂತೆ ಒಂದು ಸದ್ದು, ಬೆನ್ನಿಗೇ ನೀರಿಗೆ ಏನೋ ಧುಮುಕಿದ ಸದ್ದು ಕೇಳಿತು. ಹುಡುಗನ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಅವನ ಎದೆ ಬಡಿಯುವುದು ನನಗೆ ತಿಳಿಯುತ್ತಿತ್ತು. ಮುದುಕರು ಕೇಳಿಯೂ ಕೇಳದವರಂತಿದ್ದು, ಬಳಿಕ “ನೀರುನಾಯಿ” ಎಂದರು. ಆಮೇಲೆ ಕುದ್ರುವಿನ ತುದಿಯಲ್ಲಿ ಮಿಣುಕುತ್ತಿದ್ದ ಒಂದು ದೀಪವನ್ನು ತೋರಿಸಿ, ಅದು ಬೊಬ್ಬರ್ಯನ ಗುಡಿಯೆಂದು ಕೈ ಮುಗಿದರು.

ಬೊಬ್ಬರ್ಯನು ಈ ಕರಾವಳಿಯ ಮೀನುಗಾರರ ಕಾವಲಿನ ದೈವ. ಅವನು ಮುಸಲ್ಮಾನ ವರ್ತಕನೊಬ್ಬನ ಮಗನೆಂದೂ, ಹಡಗಿನಲ್ಲಿ ವ್ಯಾಪಾರಕ್ಕೆ ಹೋಗುತ್ತಿದ್ದನೆಂದೂ, ಕಡಲಿನಲ್ಲಿಯೇ ಮಡಿದು ಮಾಯದಲ್ಲಿ ದೈವವಾಗಿ ಎದ್ದನೆಂದೂ ತುಳುವಿನ ಪಾಡ್ದನಗಳು ಹೇಳುವುವು. ಅಂದಿನಿಂದ ಹಿಂದೂ ಮೀನುಗಾರರು ಅವನಿಗೆ ಗುಡಿ ಕಟ್ಟಿ, ಬಲೆ ಬೀಸುವುದಕ್ಕೆ ಮುಂಚೆ ನೆನೆಯುವರು. ಸಮುದ್ರವು ಕೊಂಡುಹೋದ ಮಗನನ್ನೇ ಸಮುದ್ರದ ಕಾವಲಿಗೆ ನಿಲ್ಲಿಸಿದ ಜನರ ಹೃದಯವನ್ನು ಏನೆಂದು ವರ್ಣಿಸಲಿ? ದುಃಖವನ್ನು ಅವರು ಮರೆಯಲಿಲ್ಲ. ಅದಕ್ಕೆ ಒಂದು ದೀಪ ಹಚ್ಚಿ, ಒಂದು ಕೆಲಸವನ್ನು ಒಪ್ಪಿಸಿದರು.

ನಾನು ಮುದುಕರಿಗೆ ಹುಡುಗನ ಹಂಬಲವನ್ನು ತಿಳಿಸಿ, “ಇವನಿಗೆ ಹೆದರಿಕೆ ಇದೆಯಲ್ಲ” ಎಂದೆನು. ಅದಕ್ಕೆ ಅವರು, “ಕಡ್ಲಿಗ್ ಹೆದ್ರದಿದ್ದ ಮಾಣಿನ ದೋಣಿಗ್ ಹತ್ಸೂಕಾಗ ಮಾಷ್ಟ್ರೆ, ಹೆದ್ರುವನೇ ಹಗ್ಗ ಗಟ್ಟಿ ಕಟ್ಟುದ್” ಎಂದರು. ಕಡಲಿಗೆ ಹೆದರದವನನ್ನು ದೋಣಿಗೆ ಹತ್ತಿಸಿಕೊಳ್ಳಬಾರದು, ಹೆದರುವವನೇ ಹಗ್ಗವನ್ನು ಗಟ್ಟಿಯಾಗಿ ಕಟ್ಟುವನು ಎಂದು ಅವರ ತಾತ್ಪರ್ಯ. ನನ್ನ ತೋಳನ್ನು ಹಿಡಿದಿದ್ದ ಕೈ ಮೆಲ್ಲನೆ ಸಡಿಲಿತು. ಭರತದ ನೀರು ಏರಿ ದೋಣಿ ತೇಲಿದಾಗ, ಮುದುಕರು ಏನೂ ಹೇಳದೆ ಒಂದು ಹುಟ್ಟನ್ನು ಹುಡುಗನ ಕೈಗೆ ಕೊಟ್ಟರು. ದಡ ಮುಟ್ಟುವ ತನಕ ಅವನು ಅದನ್ನು ಬಿಡಲಿಲ್ಲ. ಅಂಗೈಯಲ್ಲಿ ಎದ್ದಿದ್ದ ಬೊಕ್ಕೆಗಳನ್ನು ಮರುದಿನ ನಾನು ನೋಡಿದೆನು.

ಮೂರನೆಯ ದಿನ ಹೆಮ್ಮಾಡಿಯಿಂದ ಮೂಡಣಕ್ಕೆ ತಿರುಗಿ, ವಂಡ್ಸೆಯ ಮಾರ್ಗವಾಗಿ ಮಾರಣಕಟ್ಟೆಗೂ ಕೊಲ್ಲೂರಿಗೂ ಹೋದೆವು. ಕೊಲ್ಲೂರಿನ ಕಥೆ ನಾಡಿಗೆಲ್ಲ ತಿಳಿದದ್ದು. ವರ ಬೇಡಲು ತಪಸ್ಸಿಗೆ ನಿಂತ ಕೌಮಾಸುರನ ನಾಲಗೆಯನ್ನು ವಾಗ್ದೇವಿಯು ಕಟ್ಟಿದಳು. ಬೇಡುವ ಹೊತ್ತಿಗೆ ಅವನು ಮೂಕನಾಗಿ ಮೂಕಾಸುರನೆನಿಸಿದನು. ದೇವಿಯು ಅವನನ್ನು ಸಂಹರಿಸಿ ಮೂಕಾಂಬಿಕೆಯಾದಳು. ಅವನು ಮಡಿದ ಸ್ಥಳವೇ ಮಾರಣಕಟ್ಟೆ. ಅಲ್ಲಿ ಈಗ ಬ್ರಹ್ಮಲಿಂಗೇಶ್ವರನ ದೇವಾಲಯವಿದ್ದು, ಮಕರಸಂಕ್ರಾಂತಿಗೆ ದೊಡ್ಡ ಜಾತ್ರೆ ನಡೆಯುವುದು; ಕ್ಷೇತ್ರದ ಯಕ್ಷಗಾನ ಮೇಳಗಳು ಹರಕೆಯ ಆಟಗಳನ್ನು ಆಡುತ್ತ ಊರೂರು ಸುತ್ತುವುವು. ಆ ಆಟಗಳಲ್ಲಿ ಸಣ್ಣ ಹುಡುಗರು ಮೊದಲು ಕೋಡಂಗಿ, ಬಾಲಗೋಪಾಲರ ವೇಷ ಕಟ್ಟಿ, ವರ್ಷಗಳ ಮೇಲೆ ಅಭಿಮನ್ಯು ಬಭ್ರುವಾಹನರಾಗಿ ಏರಿ ಬರುವುದು ಹಳೆಯ ಕ್ರಮ. ನಡುರಾತ್ರಿಯಲ್ಲಿ ಅಬ್ಬರಿಸಿ ಬರುವ ಬಣ್ಣದ ವೇಷದ ರಾಕ್ಷಸನ ಎದುರಿಗೆ ಮೊದಲ ಸಲ ನಿಂತು ಹೆಜ್ಜೆ ತಪ್ಪದಿರುವುದೇ ಆ ಹುಡುಗರಿಗೆ ದೊಡ್ಡ ಪರೀಕ್ಷೆ.

ದೇವಿಯು ತಾನು ಕೊಂದವನ ಹೆಸರನ್ನು ತನ್ನ ಹೆಸರಿನಲ್ಲಿ ಧರಿಸಿರುವಳು. ಕುಂಭಾಸುರನ ಹೆಸರು ಊರಿಗೆ. ಮೂಕಾಸುರನ ಹೆಸರು ತಾಯಿಗೆ. ಕಡಲಿನಲ್ಲಿ ಮಡಿದವನಿಗೆ ದೀಪ. ಬಲಿ ಬೇಡಿದ ಭೂತಕ್ಕೆ ಅರಸನನ್ನು ನೇಮಿಸುವ ಅಧಿಕಾರ. ಈ ಸೀಮೆಯ ಜನರು ಭಯವನ್ನು ಎದುರಿಸಿ ಗೆದ್ದ ಮೇಲೆ ಅದನ್ನು ಊರಿನಿಂದ ಹೊರಗೆ ಎಸೆಯಲಿಲ್ಲ. ಸ್ಥಾನವನ್ನೂ ಕರ್ತವ್ಯವನ್ನೂ ಕೊಟ್ಟು ಒಳಗೆ ಇರಿಸಿಕೊಂಡರು. ಪ್ರಾಯಕ್ಕೆ ಬರುವುದೆಂದರೆ ಇದಲ್ಲದೆ ಮತ್ತೇನು? ಹದಿನೇಳರ ಹುಡುಗನಲ್ಲಿಯೂ ಹಟವುಂಟು, ಭಯವುಂಟು, ಮಾತು ಹೊರಡದ ಮೂಕತನವುಂಟು. ಅವುಗಳನ್ನು ಕೊಲ್ಲಹೋದ ಹಿರಿಯರು ಹುಡುಗನನ್ನೇ ಕುಗ್ಗಿಸಿಬಿಡುವರು. ಹಟಕ್ಕೆ ಒಂದು ಕೆಲಸ, ಭಯಕ್ಕೆ ಒಂದು ಕಾವಲು, ಮೌನಕ್ಕೆ ಒಂದಿಷ್ಟು ಕಾಲ ಕೊಟ್ಟರೆ ಅವೇ ಗುಣಗಳಾಗಿ ನಿಲ್ಲುವುವು.

ಕೊಡಚಾದ್ರಿಯ ಕೆಳಗಿನ ಕೊಲ್ಲೂರಿನಲ್ಲಿ ಸೌಪರ್ಣಿಕೆಯ ತಣ್ಣೀರಿನಲ್ಲಿ ಮಿಂದು, ದೇವಿಯ ದರ್ಶನ ಮಾಡಿ, ಕಾಡಿನ ಮಾರ್ಗದಿಂದ ಬೈಂದೂರಿಗೆ ಇಳಿದೆವು. ಸೋಮೇಶ್ವರದ ಕಡಲತೀರವನ್ನೂ, ಒತ್ತಿನೆಣೆಯ ಏರಿನಿಂದ ಕಾಣುವ ಹರವಾದ ಸಮುದ್ರವನ್ನೂ ನೋಡಿ, ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟು, ಸೂರ್ಯಾಸ್ತದ ಹೊತ್ತಿಗೆ ಮರವಂತೆಗೆ ಬಂದೆವು.

ಮರವಂತೆಯ ಸೊಬಗನ್ನು ಚಿತ್ರಗಳಲ್ಲಿ ಕಾಣದವರಿಲ್ಲ. ಮಾರ್ಗದ ಪಡುವಣ ಮಗ್ಗುಲಲ್ಲಿ ಸಮುದ್ರ. ಮೂಡಣ ಮಗ್ಗುಲಲ್ಲಿ ಸೌಪರ್ಣಿಕೆ. ನಡುವೆ ಇರುವುದು ಮಾರ್ಗದ ಅಗಲದಷ್ಟೇ ನೆಲ. ಬೆಳಿಗ್ಗೆ ಕಾಡಿನಲ್ಲಿ ನಾವು ಮಿಂದ ಹೊಳೆಯೇ ಇದು ಎಂದು ತಿಳಿಸಿದಾಗ ಹುಡುಗನು ಬೆರಗಾದನು. ಇಷ್ಟು ಹತ್ತಿರ ಬಂದ ನದಿ ಒಂದು ಹೆಜ್ಜೆ ಹಾಕಿದ್ದರೆ ಸಮುದ್ರವನ್ನು ಸೇರುತ್ತಿತ್ತು. ಆದರೆ ಹಾಗೆ ಮಾಡದೆ, ಅದು ತಿರುಗಿ ದಕ್ಷಿಣಕ್ಕೆ ಹರಿದು, ಉಳಿದ ನಾಲ್ಕು ನದಿಗಳನ್ನು ಕೂಡಿಕೊಂಡು, ಕುದ್ರುಗಳ ನಡುವೆ ಸುಳಿದು, ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಇಳಿಯುವುದು. ಹುಡುಗನು ಎರಡು ನೀರುಗಳನ್ನೂ ನೋಡುತ್ತ ನಿಂತು, “ಮಾವ, ನೌಕೆಗೆ ಹತ್ತುವ ಮುಂಚೆ ಒಂದು ವರ್ಷ ದಡದಲ್ಲಿಯೇ ಓದಬೇಕು. ಅದನ್ನು ನಾನು ಅಮ್ಮನಿಗೆ ಹೇಳಿಯೇ ಇಲ್ಲ, ನಾಳೆಯೇ ಹಡಗು ಹತ್ತುವವನಂತೆ ಜಗಳವಾಡಿದೆ” ಎಂದನು. “ಹಾಗಾದರೆ ನೀನೇ ಹೇಳು” ಎಂದೆನು.

ಆ ರಾತ್ರಿ ಅವನು ತಾಯಿಯೊಡನೆ ದೂರವಾಣಿಯಲ್ಲಿ ಬಹಳ ಹೊತ್ತು ಮಾತನಾಡಿದನು. ಕೆಸರಿನಲ್ಲಿ ದೋಣಿ ಕುಳಿತದ್ದನ್ನೂ, ತಾನು ಹೆದರಿದ್ದನ್ನೂ ಮುಚ್ಚಿಡಲಿಲ್ಲ. ಬಳಿಕ ತಂಗಿಯು ನನ್ನೊಡನೆ ಮಾತನಾಡಿದಳು. ನಾನು ಸತ್ಯವತಿಯ ಕಥೆಯನ್ನು ಎತ್ತುವುದಕ್ಕೆ ಮುಂಚೆ ಅವಳೇ ಅದನ್ನು ಎತ್ತಿದಳು. “ದೈವ ಮಗನನ್ನು ಹಿಂದಕ್ಕೆ ಕೊಟ್ಟಿತೆಂದು ಕಥೆ ಕೇಳುವ ನಮಗೆ ಗೊತ್ತು, ಅಣ್ಣ. ತಂದು ನಿಲ್ಲಿಸುವಾಗ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ. ಆದರೂ ಹೋಗಲಿ. ನನ್ನ ಹೆದರಿಕೆ ಹೋಗಬೇಕೆಂದು ಮಾತ್ರ ಯಾರೂ ಹೇಳಬೇಡಿ” ಎಂದಳು. ಈ ಮಾತಿಗೆ ಸೇರಿಸತಕ್ಕುದು ನನ್ನಲ್ಲಿ ಏನೂ ಇರಲಿಲ್ಲ. ತಾಯಿಯ ಹೆದರಿಕೆಯೂ ಆ ಕುದ್ರುವಿನ ತುದಿಯ ದೀಪದಂತಹುದೇ, ಅದು ಉರಿಯುತ್ತಿರಬೇಕು. ಮಗನು ಎಲ್ಲಿದ್ದರೂ ತಿರುಗಿ ನೋಡಿದಾಗ ಕಾಣಬೇಕು.

ವಾಚಕರಲ್ಲಿ ಪ್ರಾಯಕ್ಕೆ ಬರುತ್ತಿರುವ ಮಕ್ಕಳುಳ್ಳ ಗೃಹಸ್ಥರು ರಜೆಯ ದಿನಗಳಲ್ಲಿ ಅವರನ್ನು ಕರೆದುಕೊಂಡು ಈ ದಾರಿಯಲ್ಲಿ ಒಮ್ಮೆ ಹೋಗಿಬರಲಿ. ಬ್ರಹ್ಮಾವರದಿಂದ ಬೈಂದೂರಿನ ತನಕ ಬಸ್ಸುಗಳಿಗೆ ಕೊರತೆಯಿಲ್ಲ. ಕುಂದಾಪುರದಲ್ಲಿಯೂ ಬೈಂದೂರಿನಲ್ಲಿಯೂ ಕೊಂಕಣ ರೈಲ್ವೆಯ ನಿಲ್ದಾಣಗಳುಂಟು. ಮಳೆಗಾಲದಲ್ಲಿ ಹೊಳೆಗಳು ಕೆಂಪಾಗಿ ತುಂಬಿ ಹರಿಯುವುದರಿಂದ ದೋಣಿಯ ಆಸೆ ಬೇಡ. ಮಾರ್ಗಶಿರದಿಂದ ವೈಶಾಖದ ವರೆಗಿನ ಕಾಲ ಒಳ್ಳೆಯದು. ಕುದ್ರುವಿಗೆ ಹೋಗುವವರು ಭರತ ಇಳಿತಗಳ ಹೊತ್ತನ್ನು ಅಲ್ಲಿಯ ಹಿರಿಯರಲ್ಲಿ ಕೇಳಿಯೇ ದೋಣಿ ಹತ್ತಬೇಕು. ಗುಡಿಯ ದೀಪ ಯಾರದೆಂದು ಮಕ್ಕಳು ಕೇಳಿದರೆ, ‘ಅದೆಲ್ಲ ಸುಳ್ಳು’ ಎಂದು ಬಾಯಿ ಮುಚ್ಚಿಸದೆ, ‘ಅದೇ ನಿಜ’ ಎಂದು ಹೆದರಿಸದೆ, ಕಥೆಯನ್ನು ಪೂರ್ತಿಯಾಗಿ ಹೇಳಬೇಕು. ಅದರಲ್ಲಿ ತಮಗೆ ಬೇಕಾದುದನ್ನು ಮಕ್ಕಳು ತಾವೇ ಆರಿಸಿಕೊಳ್ಳುವರು.